ಸೂಜಿ ಚುಚ್ಚಿದರೆ ಗೊರಕೆ, ಮನೆಯಲ್ಲಿ ಜಾಗರಣೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನಿದ್ದೆ ಬರುತ್ತಿಲ್ಲವೆಂದು ನನ್ನ ಹತ್ತಿರ ಸಲಹೆಗೆ ಬಂದವರು. ಅವರನ್ನು ಮೇಷ್ಟ್ರು ಅಂತಲೇ ಕರೆಯೋಣ. ವಯಸ್ಸು 52, ಹೈಸ್ಕೂಲಿನಲ್ಲಿ ಗಣಿತ ಪಾಠ. ಮೊದಲ ದಿನ ಬಂದವರೇ ಮಣಿಕಟ್ಟು ಚಾಚಿದರು. ಕಿರುಬೆರಳಿನ ಕಡೆ, ಗೆರೆಯ ಮೇಲೆ, ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ.

"ಶೆನ್‌ಮೆನ್ ಪಾಯಿಂಟ್ ಅಂತೆ ಮೇಡಂ. ಒಂಬತ್ತು ಸಲ ಅಕ್ಯುಪಂಕ್ಚರ್ ಆಯ್ತು. ಚುಚ್ಚಿದ ಐದೇ ನಿಮಿಷಕ್ಕೆ ಅಲ್ಲೇ ಗೊರಕೆ. ಮನೆಗೆ ಬಂದ್ರೆ ಮಾತ್ರ ಕಣ್ಣು ಮುಚ್ಚಲ್ಲ."

ಇನ್‌ಚಾರ್ಜ್ ಹೆಡ್ಮಾಸ್ಟರ್ ಆದಾಗಿನಿಂದ, ಅಂದರೆ ಎಂಟು ತಿಂಗಳಿಂದ, ವಾರಕ್ಕೆ ನಾಲ್ಕೈದು ರಾತ್ರಿ ಇದೇ ಪಾಡು. ಒಂಬತ್ತೂವರೆಗೆ ಮಲಗುವುದು, ಹೊರಳುವುದು, ಮೊಬೈಲಿನಲ್ಲಿ ಗಂಟೆ ನೋಡುವುದು. "2.40 ಆದ್ರೆ ಮುಗೀತು. ಇನ್ನೆಷ್ಟು ಹೊತ್ತು ಉಳೀತು ಅಂತ ಲೆಕ್ಕ ಶುರು." ಗಣಿತದ ಮೇಷ್ಟ್ರಲ್ವಾ!

ಗೊರಕೆ ಅಂದಿದ್ದಕ್ಕೆ ಅವರ ಮನೆಯವರನ್ನೂ ಮಾತಾಡಿಸಿದೆ. ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುತ್ತದೆಯೇ? ಇಲ್ಲ ಎಂದರು. ಹೌದು ಎಂದಿದ್ದರೆ ಮೊದಲು ಆಸ್ಪತ್ರೆಗೆ ಕಳಿಸುತ್ತಿದ್ದೆ.

ನನಗೆ ಗಾಬರಿಯಾದದ್ದು ಬೇರೆ ವಿಷಯಕ್ಕೆ. ಸೂಜಿ ಹಾಕುವವರು ಹೇಳಿದರೆಂದು, ಡಾಕ್ಟರು ಕೊಟ್ಟಿದ್ದ ಆಲ್‌ಪ್ರಜೋಲಮ್ ಎಂಬ, ಆತಂಕ ತಗ್ಗಿಸಿ ನಿದ್ದೆ ಬರಿಸುವ ಮಾತ್ರೆಯನ್ನು ಒಂದೇ ದಿನಕ್ಕೆ ನಿಲ್ಲಿಸಿದ್ದರು. ತಿಂಗಳುಗಟ್ಟಲೆ ತೆಗೆದುಕೊಂಡ ಆ ಮಾತ್ರೆ ಹಠಾತ್ತನೆ ನಿಂತರೆ ನಿದ್ದೆ ಇನ್ನಷ್ಟು ಕೆಡುತ್ತದೆ, ಕೈ ನಡುಗಬಹುದು, ಫಿಟ್ಸ್ ಕೂಡ ಬರಬಹುದು. ಅವತ್ತೇ ಡಾಕ್ಟರ ಹತ್ತಿರ ಕಳಿಸಿದೆ. ಕಡಿಮೆ ಮಾಡುವುದಿದ್ದರೂ ಅವರು ಹೇಳಿದ ಹಾಗೆ, ನಿಧಾನಕ್ಕೆ.

"ಹಾಗಾದ್ರೆ ಸೂಜಿ ಸುಳ್ಳಾ?"

ಸುಳ್ಳು ಅನ್ನಲಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ, ನಿದ್ರಾಹೀನತೆಗೆ ಅಕ್ಯುಪಂಕ್ಚರ್ ಕುರಿತ 33 ಪ್ರಯೋಗಗಳನ್ನು, 2,293 ಜನರ ಫಲಿತಾಂಶವನ್ನು ಜರಡಿ ಹಿಡಿದಿತ್ತು. ಕೆಲವರಿಗೆ ಅನುಕೂಲ ಕಂಡರೂ ಪ್ರಯೋಗಗಳ ಗುಣಮಟ್ಟ ಕಳಪೆ, ಖಚಿತವಾಗಿ ಹೇಳಲಾಗದು ಎಂದಿತ್ತು. ಹಿತವೆನಿಸಿದರೆ ಹೋಗಲಿ, ಸೂಜಿ ಪ್ರತಿ ಸಲ ಹೊಸದಾಗಿರಲಿ, ರಕ್ತ ತೆಳುವಾಗುವ ಮಾತ್ರೆ ಇದ್ದರೆ ಮೊದಲೇ ಹೇಳಲಿ.

ಅಲ್ಲಿ ನಿದ್ದೆ ಬಂದದ್ದು ಮಾತ್ರ ನಮ್ಮಿಬ್ಬರಿಗೂ ಸುಳಿವು ಕೊಟ್ಟಿತು. ಆ ಅರ್ಧ ಗಂಟೆ ಫೋನಿಲ್ಲ, ಎಸ್ಸೆಸ್ಸೆಲ್ಸಿ ರಿಸಲ್ಟಿನ ಚಿಂತೆಯಿಲ್ಲ, ಮಲಗಲೇಬೇಕೆಂಬ ಹಠವೂ ಇಲ್ಲ. ಮನೆಯ ಹಾಸಿಗೆಯೋ ಚಿಂತೆ ಮಾಡುವ ಜಾಗವಾಗಿಬಿಟ್ಟಿತ್ತು. ಸಾಲದ್ದಕ್ಕೆ ಸಂಜೆ ಐದಕ್ಕೆ ಅಲ್ಲಿ ನಿದ್ದೆ ಹೊಡೆದರೆ ರಾತ್ರಿಗೆ ಏನು ಉಳಿಯುತ್ತೆ ಹೇಳಿ? ಸೂಜಿಯನ್ನು ಭಾನುವಾರ ಬೆಳಿಗ್ಗೆಗೆ ಹಾಕಿಸಿದೆ.

ಎರಡು ವಾರ ನಿದ್ದೆಯ ಲೆಕ್ಕ ಬರೆಸಿದೆ. ನಿಜವಾದ ನಿದ್ದೆ ಐದೂವರೆ ಗಂಟೆ, ಹಾಸಿಗೆಯಲ್ಲಿ ಇದ್ದದ್ದು ಎಂಟೂವರೆ. ನಿದ್ದೆ ಎಷ್ಟು ಹೊತ್ತೋ ಹಾಸಿಗೆಯೂ ಅಷ್ಟೇ ಹೊತ್ತು, ಹನ್ನೆರಡಕ್ಕೆ ಮಲಗಿ, ಐದೂವರೆಗೆ ಏಳಿ ಎಂದೆ, ರಜೆಯಲ್ಲೂ ಅಷ್ಟೇ. ನಿದ್ದೆ ಬಾರದಿದ್ದರೆ ಎದ್ದು ಹಾಲ್‌ನಲ್ಲಿ ಕೂರುವುದು. ಮೊಬೈಲ್ ಅಡುಗೆಮನೆಯಲ್ಲಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ತೂಕಡಿಕೆ ಬಂದ ದಿನ ಬೈಕ್ ಮುಟ್ಟುವ ಹಾಗಿಲ್ಲ. ಹಳೆಯ ನಿದ್ರಾಹೀನತೆಗೆ ಮೊದಲು ಮಾಡಬೇಕಾದ್ದು ಇಂಥ ಸಿಬಿಟಿ, ಅಂದರೆ ಯೋಚನೆ ಮತ್ತು ಅಭ್ಯಾಸ ತಿದ್ದುವ ಚಿಕಿತ್ಸೆಯೇ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲೇ ಹೇಳಿದೆ.

ಮೊದಲ ವಾರ ನನ್ನನ್ನು ಬೈದುಕೊಂಡೇ ಇದ್ದರು. ಮೂರನೇ ವಾರ ಹಾಸಿಗೆಯ ಹೊತ್ತನ್ನು ಹದಿನೈದು ನಿಮಿಷ ಹೆಚ್ಚಿಸಿದೆವು, ಆಮೇಲೆ ಇನ್ನಷ್ಟು. ಈಗ ಸುಮಾರು ಆರೂಕಾಲು ಗಂಟೆ ನಿದ್ದೆ. ಶಿಕ್ಷಣ ಇಲಾಖೆಯ ಆಫೀಸಿನಿಂದ ಫೋನ್ ಬಂದ ದಿನ ಅದೂ ಇಲ್ಲ.

ಕಳೆದ ಸಲ ತಂದ ಹಾಳೆಯಲ್ಲಿ "ರಾತ್ರಿ ಎಷ್ಟಕ್ಕೆ ಎಚ್ಚರ?" ಎಂಬ ಕಾಲಮ್ಮಿನಲ್ಲಿ ನಾಲ್ಕು ದಿನ ಒಂದೇ ಉತ್ತರ: "ಗಡಿಯಾರ ನೋಡಲಿಲ್ಲ."