10 ಮಿ.ಮೀ. ದಪ್ಪದ ಯೋಗ ಮ್ಯಾಟ್ ಕೊಂಡರೆ ಮಂಡಿ ನೋವು ತಪ್ಪುತ್ತದೆಯೇ?

ಎತ್ತರ 5 ಅಡಿ 9 ಇಂಚು, ತೂಕ 78 ಕಿಲೋ, ಮನೆಯಲ್ಲಿ ಟೈಲ್ಸ್ ನೆಲ, ಮಂಡಿ ಊರಿದರೆ ನೋವು, ಅಂಗೈ ಬೇಗ ಬೆವರುತ್ತದೆ, ಬಜೆಟ್ 1,500 ರೂಪಾಯಿ ಎಂದು ಬರೆದಿದ್ದೀರಿ. ಇಷ್ಟು ವಿವರ ಇರುವುದರಿಂದ ನೇರವಾಗಿಯೇ ಹೇಳುತ್ತೇನೆ: 10 ಮಿ.ಮೀ. ಬೇಡ. 6 ಮಿ.ಮೀ. ದಪ್ಪದ, 183 ಸೆಂ.ಮೀ. ಉದ್ದದ ಟಿಪಿಇ (ರಬ್ಬರಿನಂತೆ ಹಿಗ್ಗುವ ಪ್ಲಾಸ್ಟಿಕ್) ಮ್ಯಾಟ್ ನೋಡಿ. ಸಾಮಾನ್ಯವಾಗಿ ಸಿಗುವ 173 ಸೆಂ.ಮೀ. ಮ್ಯಾಟ್‌ನಲ್ಲಿ ಶವಾಸನಕ್ಕೆ ಮಲಗಿದರೆ ನಿಮ್ಮ ತಲೆಯೋ ಹಿಮ್ಮಡಿಯೋ ನೆಲದ ಮೇಲಿರುತ್ತದೆ.

ಅಂಗಡಿಯಲ್ಲಿ 10–15 ಮಿ.ಮೀ. ಎಂದು ಮಾರುವವು ಬಹುಪಾಲು ಎನ್‌ಬಿಆರ್ ಫೋಮ್, ಅಂದರೆ ಕೃತಕ ರಬ್ಬರಿನ ಮೆತ್ತನೆಯ ಫೋಮ್. ಮಲಗಿ ಮಾಡುವ ವ್ಯಾಯಾಮಕ್ಕೆ ಅಡ್ಡಿಯಿಲ್ಲ. ಆದರೆ ಅದರ ಮೇಲೆ ಒಂಟಿ ಕಾಲಿನ ವೃಕ್ಷಾಸನಕ್ಕೆ ನಿಂತು ನೋಡಿ, ಪಾದ ಒಳಗೆ ಇಳಿದು ಕಣಕಾಲು ತೂಗಾಡತೊಡಗುತ್ತದೆ. ಕೈಕಾಲು ಊರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನದಲ್ಲಿ ಅಂಗೈಯ ಬುಡ ಹೂತು ಮಣಿಕಟ್ಟು ಇನ್ನಷ್ಟು ಬಾಗುತ್ತದೆ, ಅಲ್ಲಿ ನೋವು ಶುರುವಾಗಬಹುದು. ಇಷ್ಟಾಗಿಯೂ ಮಂಡಿಗೆ ಲಾಭವಿಲ್ಲ. ಮೆತ್ತನೆಯ ಫೋಮ್ ನಿಮ್ಮ ಭಾರಕ್ಕೆ ಅಪ್ಪಚ್ಚಿಯಾಗಿ ಮಂಡಿಚಿಪ್ಪಿಗೆ ಕೊನೆಗೆ ಟೈಲ್ಸೇ ತಾಗುತ್ತದೆ.

ಹಾಗಾಗಿ ನೋಡಬೇಕಾದ್ದು ದಪ್ಪಕ್ಕಿಂತ ಗಟ್ಟಿತನ. ಅದು ಗೊತ್ತಾಗುವುದು ತೂಕದಿಂದ. 183×61 ಸೆಂ.ಮೀ. ಅಳತೆಯ 10 ಮಿ.ಮೀ. ಎನ್‌ಬಿಆರ್ ಮ್ಯಾಟ್ ಸುಮಾರು 1 ಕಿಲೋ ತೂಗುತ್ತದೆ. ಅದೇ ಅಳತೆಯ 5 ಮಿ.ಮೀ. ಸಹಜ ರಬ್ಬರಿನದು ಎರಡೂವರೆ ಕಿಲೋ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಬಣ್ಣ ನೋಡುವ ಮೊದಲು ಈ ಅಂಕಿ ಹುಡುಕಿ. ಅಂಗಡಿಯಲ್ಲಾದರೆ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಸುಕಿ. ಎರಡೂ ಬೆರಳು ಒಂದಕ್ಕೊಂದು ತಾಗಿದಂತೆ ಅನಿಸಿದರೆ ಬಿಟ್ಟುಬಿಡಿ. ಆಮೇಲೆ ಅಂಗೈ ಸ್ವಲ್ಪ ಒದ್ದೆ ಮಾಡಿಕೊಂಡು ಮ್ಯಾಟ್ ಮೇಲೆ ಒತ್ತಿ ಮುಂದಕ್ಕೆ ತಳ್ಳಿ, ಕೈ ಎಷ್ಟು ಜಾರುತ್ತದೆ ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡಬಹುದು, ನೋಡಲಿ.

ಮಂಡಿಯ ವಿಷಯಕ್ಕೆ ಮ್ಯಾಟ್ ಉತ್ತರವೇ ಅಲ್ಲ. ಹತ್ತಿ ಟವೆಲನ್ನೋ ಹಳೇ ಹೊದಿಕೆಯನ್ನೋ ನಾಲ್ಕು ಮಡಿಕೆ ಮಾಡಿ ಮಂಡಿ ಊರುವ ಆಸನಗಳಲ್ಲಿ ಮಾತ್ರ ಕೆಳಗಿಡಿ. ಅದಕ್ಕೂ ನೋವು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

ಇನ್ನು ಬೆವರು. ಟಿಪಿಇ ನೀರು ಹೀರುವುದಿಲ್ಲ. ಒರೆಸಲು ಸುಲಭ, ಆದರೆ ಬೆವರು ಮೇಲೆಯೇ ನಿಂತು ಕೈ ಜಾರುತ್ತದೆ. ರಬ್ಬರಿನ ಮೇಲೆ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಪದರ ಇರುವ ಮ್ಯಾಟ್ ಒದ್ದೆ ಕೈಯನ್ನೂ ಚೆನ್ನಾಗಿ ಹಿಡಿಯುತ್ತದೆ, ಆದರೆ ನಿಮ್ಮ ಬಜೆಟ್‌ಗೆ ಒಳ್ಳೆಯದು ಸಿಗುವುದು ಕಷ್ಟ. ಎಣ್ಣೆ ಹಚ್ಚಿದ ಕಾಲಿಟ್ಟರೆ ಕಲೆಯೂ ಹೋಗದು. ಅಗ್ಗದ ದಾರಿ ಮೈಸೂರಿನ ಅಷ್ಟಾಂಗ ಯೋಗದವರದು: ಮ್ಯಾಟ್ ಮೇಲೆ ಹತ್ತಿಯ ಜಮಖಾನ. ಬೆವರು ಹೀರಿದಷ್ಟೂ ಅದರ ಹಿಡಿತ ಹೆಚ್ಚುತ್ತದೆ. ಒಣಗಿದ್ದಾಗ ಮಾತ್ರ ಜಾರುತ್ತದೆ, ಆದ್ದರಿಂದ ಶುರು ಮಾಡುವ ಮೊದಲು ಕೈ ಊರುವ ಜಾಗಕ್ಕೆ ನೀರು ಚಿಮುಕಿಸಿ. ಟೈಲ್ಸ್ ಮೇಲೆ ಬರೀ ಜಮಖಾನ ಹಾಸಬೇಡಿ, ಕಾಲಡಿಯಿಂದಲೇ ಓಡಿಹೋಗುತ್ತದೆ.

ಇವಿಎ ಎಂಬ ಪ್ಲಾಸ್ಟಿಕ್ ಫೋಮಿನ ಮ್ಯಾಟ್ ತುಂಬಾ ಹಗುರ, ತುಂಬಾ ಅಗ್ಗ, ಹಿಮ್ಮಡಿಯ ಗುಳಿ ಬೇಗ ಬೀಳುತ್ತದೆ. ಲೇಟೆಕ್ಸ್ ಅಲರ್ಜಿ ಇದ್ದವರು ಸಹಜ ರಬ್ಬರ್ ಮುಟ್ಟಲೇಬಾರದು.

ಹೊಸ ಮ್ಯಾಟ್ ಜಾರಿದರೆ ಗಾಬರಿ ಬೇಡ. ಒಂದು ಲೀಟರ್ ನೀರಿಗೆ ನಾಲ್ಕೈದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಬಟ್ಟೆ ಅದ್ದಿ ಹಿಂಡಿ ಎರಡೂ ಬದಿ ಒರೆಸಿ, ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿ. ಸೋಪು ಉಳಿದರೆ ಮತ್ತಷ್ಟು ಜಾರುತ್ತದೆ. ವಾಷಿಂಗ್ ಮೆಷಿನ್ ಬೇಡ. ಬಿಸಿಲಂತೂ ಬೇಡವೇ ಬೇಡ, ಟಿಪಿಇ, ರಬ್ಬರ್ ಎರಡೂ ಬಿರುಕು ಬಿಟ್ಟು ಪುಡಿಯಾಗುತ್ತವೆ. ನೆರಳಿನಲ್ಲಿ ನೇತುಹಾಕಿ. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಒದ್ದೆ ಇರುವಾಗಲೇ ಸುತ್ತಿಟ್ಟರೆ ಬೂಷ್ಟು ಗ್ಯಾರಂಟಿ.

ಮ್ಯಾಟೇ ನೆಲದ ಮೇಲೆ ಸರಿಯುತ್ತಿದ್ದರೆ ಕಾರಣ ಹೆಚ್ಚಾಗಿ ಧೂಳು. ನೆಲವನ್ನೂ ಮ್ಯಾಟ್‌ನ ಅಡಿಭಾಗವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಹಾಸಿ. ಸುತ್ತುವಾಗ ಮೇಲ್ಭಾಗ ಹೊರಗೆ ಬರುವಂತೆ ಸುತ್ತಿದರೆ ಮರುದಿನ ತುದಿಗಳು ಮೇಲೇಳುವುದಿಲ್ಲ.