ಹಿನ್ನೀರಿನ ದಡಕ್ಕೆ ನಾಯಿಯೂ ಬರಲಿ, ಆದರೆ…

ಪ್ರಶ್ನೆ: ದಸರಾ ರಜೆಯಲ್ಲಿ ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ದಡದ ರೆಸಾರ್ಟೊಂದರಲ್ಲಿ ಎರಡು ರಾತ್ರಿ ತಂಗಬೇಕೆಂದಿದ್ದೇವೆ. ನಾಲ್ಕು ವರ್ಷದ ಲ್ಯಾಬ್ರಡಾರ್ ನಾಯಿಯನ್ನೂ ಕರೆದೊಯ್ಯುವ ಆಸೆಯಿದೆ. ಅದಕ್ಕೆ ನೀರೆಂದರೆ ಪ್ರಾಣ. ನಾಯಿ ತರಬಹುದೆಂದು ರೆಸಾರ್ಟಿನವರು ಫೋನಿನಲ್ಲಿ ತಿಳಿಸಿದ್ದಾರೆ. ಯಾವ ಎಚ್ಚರಿಕೆ ವಹಿಸಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ‘ನಾಯಿ ತರಬಹುದು’ ಎಂಬ ಮಾತಿಗೆ ನೀವು ಕೊಡುವ ಅರ್ಥವನ್ನೇ ಅವರೂ ಕೊಡುತ್ತಾರೆಂದು ನಂಬುವಂತಿಲ್ಲ. ಮುಂಗಡ ಹಣ ಕಳುಹಿಸುವ ಮುನ್ನ ರಾತ್ರಿ ನಾಯಿ ಎಲ್ಲಿ ಮಲಗಬೇಕೆಂದು ಬಿಡಿಸಿ ಕೇಳಿ. ನಿಮ್ಮ ಕೋಣೆಯೊಳಗೆ ಎಂದರೆ ಸರಿ. ಜಗಲಿಯಲ್ಲೋ ಹಿತ್ತಿಲ ಗೂಡಿನಲ್ಲೋ ಕಟ್ಟಬೇಕೆಂದರೆ ಬೇರೆ ಜಾಗ ಹುಡುಕಿಕೊಳ್ಳುವುದು ಲೇಸು. ಮಲೆನಾಡಿನ ಒಂಟಿಮನೆಗಳಲ್ಲಿ ಅಂಗಳದ ನಾಯಿ ಬೆಳಗಾಗುವುದರೊಳಗೆ ಚಿರತೆಯ ಪಾಲಾಗುವುದು ಹೊಸ ಸಂಗತಿಯಲ್ಲ. ಕಟ್ಟಿಹಾಕಿದ ನಾಯಿಗಂತೂ ಓಡುವ ದಾರಿಯೂ ಇರುವುದಿಲ್ಲ. ರಾತ್ರಿ ಮೂತ್ರಕ್ಕೆ ಹೊರಗೆ ಕರೆದೊಯ್ಯುವಾಗಲೂ ಹಗ್ಗ ಕೈಯಲ್ಲಿರಲಿ, ಟಾರ್ಚ್ ಉರಿಯುತ್ತಿರಲಿ.

ರೇಬೀಸ್ ಮತ್ತು ಇಲಿಜ್ವರದ ಲಸಿಕೆಗಳ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಂಡು, ಲಸಿಕೆ ಪುಸ್ತಕವನ್ನು ಜೊತೆಗೆ ಒಯ್ಯಿರಿ. ಉಣುಗಿಗೆ ಹಾಕುವ ಔಷಧವನ್ನು ಹೊರಡುವ ಮೊದಲೇ ವೈದ್ಯರನ್ನು ಕೇಳಿ ಹಾಕಿಸಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಪಕ್ಕದ ಸೊರಬ ತಾಲ್ಲೂಕಿನಲ್ಲಿಯೇ ಇದೆ. ಆ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ ಎಂಬುದು ನಿಜವಾದರೂ, ಉದುರಿದ ಒಣ ಎಲೆಗಳ ದರಕಿನಲ್ಲಿ ಹೊರಳಾಡಿ ಬಂದ ನಾಯಿಯನ್ನು ಕಿವಿಯ ಒಳಮಡಿಕೆ ಮತ್ತು ಬೆರಳ ಸಂದುಗಳನ್ನು ನೋಡದೆ ಹಾಸಿಗೆಗೆ ಹತ್ತಿಸುವುದು ಯಾವ ತಿಂಗಳಲ್ಲೂ ಬೇಡ.

ಇನ್ನು ನೀರಿನ ವಿಷಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಗದ್ದೆ, ತೋಟ, ಊರುಗಳ ಜೊತೆಗೆ ಕಾಡೂ ಮುಳುಗಿತು. ಆ ಮರಗಳ ಬೊಡ್ಡೆಗಳು ಇಂದಿಗೂ ನಿಂತಿವೆ. ಬೇಸಿಗೆಯಲ್ಲಿ ನೀರಿಳಿದಾಗ ಕರ್ರಗೆ ತಲೆಯೆತ್ತುವ ಅವು, ನೀವು ಹೋಗುವ ಹೊತ್ತಿಗೆ ತುಂಬಿದ ಹಿನ್ನೀರಿನಡಿ ಅಡಗಿರುತ್ತವೆ. ದಡದಿಂದ ಚಂಗನೆ ಹಾರುವ ಲ್ಯಾಬ್ರಡಾರಿಗೆ ಬೊಡ್ಡೆ ಎದೆಗೆ ತಿವಿಯಬಹುದು, ಮೀನಿನ ಬಲೆ ಕಾಲಿಗೆ ಸುತ್ತಿಕೊಳ್ಳಬಹುದು. ಎಲ್ಲಿ ಇಳಿಯಬಹುದೆಂದು ರೆಸಾರ್ಟಿನ ವ್ಯವಸ್ಥಾಪಕರಿಗಿಂತ ಅಲ್ಲಿಯ ದೋಣಿಯವರನ್ನು ಕೇಳುವುದೇ ಮೇಲು. ನಾಯಿಗೆಂದೇ ಸಿಗುವ ಲೈಫ್ ಜಾಕೆಟ್ ತೊಡಿಸಿ, ಇಳಿಜಾರಿನಲ್ಲಿ ನಡೆದುಕೊಂಡೇ ನೀರಿಗಿಳಿಯಲು ಬಿಡಿ. ಮೇಲೆ ಬಂದ ಕೂಡಲೇ ಶುದ್ಧ ನೀರಿನಿಂದ ತೊಳೆದು, ಜೋಲುಕಿವಿಗಳನ್ನು ಒರೆಸಿ.

ಪಾದಕ್ಕೆ ಹತ್ತುವ ಇಂಬಳಕ್ಕೆ, ಅಂದರೆ ಕಾಡಿನ ನೆಲದ ಜಿಗಣೆಗೆ, ನೀವು ಹೆದರಬೇಕಿಲ್ಲ. ಚಿಟಿಕೆ ಉಪ್ಪು ಸಾಕು. ಹೊಗೆಸೊಪ್ಪಿನ ನೀರನ್ನು ಮಾತ್ರ ಹಚ್ಚಬೇಡಿ, ನಾಯಿ ನೆಕ್ಕಿದರೆ ಅದು ವಿಷ. ಹಳ್ಳದ ನೀರು ಕುಡಿಯುವಾಗ ಮೂಗಿನೊಳಗೆ ಸೇರಿಕೊಳ್ಳುವ ಜಿಗಣೆಯೇ ಹೆಚ್ಚು ಕಾಡುವಂಥದ್ದು. ಹಾಗೆ ಮೂಗಿನಲ್ಲಿ ರಕ್ತ ಒಸರುತ್ತಿದ್ದ ನಾಯಿಯೊಂದರ ಮುಂದೆ ತಣ್ಣೀರಿನ ಬಟ್ಟಲು ಹಿಡಿದು ಕಾದಾಗ, ಹೊಳ್ಳೆಯಿಂದ ಕಪ್ಪು ದಾರದಂತಹ ತುದಿ ಮೆಲ್ಲಗೆ ಇಣುಕಿ ನೀರಿನ ಕಡೆಗೆ ಚಾಚಿದ್ದನ್ನು ನಾನು ನೋಡಿದ್ದೇನೆ. ಆದ್ದರಿಂದ ಕುಡಿಯುವ ನೀರನ್ನೂ ಬಟ್ಟಲನ್ನೂ ಮನೆಯಿಂದಲೇ ಒಯ್ಯಿರಿ. ಊರಿಗೆ ಮರಳಿದ ಮೇಲೆ ನಾಯಿ ಪದೇ ಪದೇ ಸೀನುತ್ತಿದ್ದರೆ, ಒಂದೇ ಹೊಳ್ಳೆಯಲ್ಲಿ ರಕ್ತ ಕಂಡರೆ, ಹಿನ್ನೀರಿಗೆ ಹೋಗಿಬಂದ ವಿಷಯವನ್ನು ಪಶುವೈದ್ಯರಿಗೆ ಮೊದಲು ಹೇಳಿ.