ವ್ಯಾಕ್ಯೂಮ್ ಪೈಪ್ ಕಾರ್ಬೊರೇಟರ್‌ಗಾ, ಮ್ಯಾನಿಫೋಲ್ಡ್‌ಗಾ?

ಪ್ರಶ್ನೆ: ನನ್ನದು 1489 ಸಿಸಿ ಪೆಟ್ರೋಲ್ ಎಂಜಿನ್‌ನ ಹಳೇ ಅಂಬಾಸಿಡರ್. ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ (ಗಾಳಿಯ ಎಳೆತ) ಪೈಪ್ ಈಗ ಕಾರ್ಬೊರೇಟರ್‌ಗಿದೆ. ಅಲ್ಲಿ ಎಂಜಿನ್ ಸ್ಪೀಡ್ ಏರಿದಷ್ಟೂ ವ್ಯಾಕ್ಯೂಮ್ ಏರುತ್ತದಂತೆ, ಕಾರ್ಬೊರೇಟರ್‌ನಿಂದ ಸಿಲಿಂಡರ್‌ಗಳಿಗೆ ಹೋಗುವ ಕೊಳವೆ, ಅಂದರೆ ಮ್ಯಾನಿಫೋಲ್ಡ್‌ಗೆ ಹಾಕಿದರೆ ಪಿಕಪ್ ಜಾಸ್ತಿಯಂತೆ. ಬದಲಾಯಿಸಲೇ?

ಉತ್ತರ: ಬೇಡ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತದೆ, ಯಾಕಂದ್ರೆ ಆ ಸ್ಪೀಡಿನ ಕಥೆಯನ್ನು ಗ್ಯಾರೇಜಿನಿಂದ ಗ್ಯಾರೇಜಿಗೆ ಹೇಳಿಕೊಂಡೇ ಬರುತ್ತಾರೆ. ಕಾರ್ಬೊರೇಟರ್ ಕಳಚಿದಾಗ ಒಮ್ಮೆ ಟಾರ್ಚ್ ಹಿಡಿದು ನೋಡಿ. ಥ್ರಾಟಲ್ ಪ್ಲೇಟ್ (ಆಕ್ಸಿಲರೇಟರ್ ಒತ್ತಿದರೆ ತೆರೆಯುವ ಬಿಲ್ಲೆ) ಮುಚ್ಚಿರುವಾಗ, ಪೈಪ್ ಸೇರುವ ಸಣ್ಣ ತೂತು ಪ್ಲೇಟಿನ ಅಂಚಿನಿಂದ ಕೂದಲೆಳೆಯಷ್ಟು ಆಚೆ, ಗಾಳಿ ಒಳಗೆ ಬರುವ ಕಡೆ ಇರುತ್ತದೆ, ಹಾಗಾಗಿ ಐಡ್ಲಿಂಗ್‌ನಲ್ಲಿ ಅದಕ್ಕೆ ಎಳೆತ ಸಿಗುವುದಿಲ್ಲ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಅಂಚು ತೂತನ್ನು ದಾಟುತ್ತದೆ. ಆಮೇಲೆ ತೂತು ಮ್ಯಾನಿಫೋಲ್ಡ್ ಪಾಲು, ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ವ್ಯಾಕ್ಯೂಮ್. ಪೂರ್ತಿ ಒತ್ತಿದರೆ ಎರಡೂ ಕಡೆ ಸೊನ್ನೆ ಹತ್ತಿರ. ಅಂದರೆ ವ್ಯತ್ಯಾಸ ಇರುವುದು ಐಡ್ಲಿಂಗ್‌ನಲ್ಲಿ ಮಾತ್ರ, ಪಿಕಪ್‌ಗೂ ಅದಕ್ಕೂ ಏನು ಸಂಬಂಧ? ಸ್ಪೀಡಿಗೆ ತಕ್ಕ ಅಡ್ವಾನ್ಸ್ (ಕಿಡಿಯನ್ನು ಬೇಗ ಹಾರಿಸುವುದು) ಕೊಡುವುದು ಡಿಸ್ಟ್ರಿಬ್ಯೂಟರ್ ಒಳಗಿನ ತೂಕದ ಬಿಲ್ಲೆಗಳು ಮತ್ತು ಸ್ಪ್ರಿಂಗ್.

ವ್ಯಾಕ್ಯೂಮ್ ನೋಡಿಕೊಳ್ಳುವುದು ಲೋಡ್, ಅಂದರೆ ಎಂಜಿನ್ ಮೇಲಿನ ಭಾರ. ಹದವಾಗಿ ಒತ್ತಿ ಸಮರಸ್ತೆಯಲ್ಲಿ ಹೋಗುವಾಗ ಸಿಲಿಂಡರ್‌ಗೆ ತುಂಬುವುದು ಕಮ್ಮಿ, ಅದು ನಿಧಾನ ಉರಿಯುತ್ತದೆ, ಕಿಡಿ ಬೇಗ ಹಾರಬೇಕು. ಘಾಟಿ ಹತ್ತುವಾಗ ಸಿಲಿಂಡರ್ ತುಂಬಿ ಬೇಗ ಉರಿಯುತ್ತದೆ, ಆಗ ಆ ಅಡ್ವಾನ್ಸ್ ಉಳಿದರೆ ಎಂಜಿನ್ ನಾಕ್ ಹೊಡೆಯುತ್ತದೆ, ಒಳಗೆ ಟಕಟಕ ಬಡಿಯುತ್ತದೆ.

ಪೈಪಿನ ಎಳೆತದಿಂದ ಅಡ್ವಾನ್ಸ್ ಕೊಡುವುದು ಡಿಸ್ಟ್ರಿಬ್ಯೂಟರ್ ಪಕ್ಕದ ವ್ಯಾಕ್ಯೂಮ್ ಡಬ್ಬಿ. ಹಳೇ ಲ್ಯೂಕಸ್ ಕಂಪನಿಯ ಡಬ್ಬಿಯ ಮೇಲೆ 5-17-8 ಥರದ ಅಂಕಿಗಳಿರುತ್ತವೆ: 5 ಇಂಚು ಪಾದರಸದಲ್ಲಿ ಎಳೆಯಲು ಶುರು, 17ಕ್ಕೆ ಮುಗಿತು, ಒಟ್ಟು 8 ಡಿಗ್ರಿ. ಇದು ಡಿಸ್ಟ್ರಿಬ್ಯೂಟರ್ ಡಿಗ್ರಿ, ಅದರ ಎರಡು ಪಟ್ಟು ವೇಗದಲ್ಲಿ ತಿರುಗುವ ಕ್ರ್ಯಾಂಕ್ ಶಾಫ್ಟ್‌ನಲ್ಲಿ 16. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಸಾಮಾನ್ಯವಾಗಿ 15ರಿಂದ 20 ಇಂಚು. ಅಲ್ಲಿಗೆ ಪೈಪ್ ಹಾಕಿದರೆ ನಿಂತಲ್ಲೇ ಹೆಚ್ಚುಕಮ್ಮಿ ಇಡೀ ಅಡ್ವಾನ್ಸ್ ಬಂದು ಐಡ್ಲಿಂಗ್ ಏರುತ್ತದೆ, ನೀವು ಸ್ಕ್ರೂ ತಿರುಗಿಸಿ ಇಳಿಸುತ್ತೀರಿ, ಸೆಟ್ಟಿಂಗ್ ಎಲ್ಲಾ ಕೆಡುತ್ತದೆ. ಮ್ಯಾನಿಫೋಲ್ಡ್‌ಗೇ ಅಂತ ಹೊಂದಿಸಿದ ಎಂಜಿನ್‌ಗಳಿವೆ, ನಿಮ್ಮದು ಅದಲ್ಲ.

ಪ್ರಶ್ನೆ: ಕಾರ್ಬೊರೇಟರ್ ತೂತು ಅಮೆರಿಕದ ಮಾಲಿನ್ಯ ಕಾನೂನಿಂದ ಬಂದದ್ದಲ್ವಾ?

ಉತ್ತರ: ಸುಳ್ಳು. ಅದಕ್ಕೂ ಮೊದಲೇ ಎಷ್ಟೋ ಕಾರುಗಳಲ್ಲಿತ್ತು.

ಪ್ರಶ್ನೆ: ಡಬ್ಬಿ ಕೆಟ್ಟಿದೆ ಅಂತ ಮೆಕ್ಯಾನಿಕ್ ಪೈಪಿಗೆ ಸ್ಕ್ರೂ ತುರುಕಿದ್ದಾರೆ. ಪರವಾಗಿಲ್ವಾ?

ಉತ್ತರ: ಪೆಟ್ರೋಲ್ ಸುಮ್ನೆ ದಂಡ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಡಬ್ಬಿ ಕಡೆಯ ಪೈಪನ್ನು ಬಾಯಿಂದ ಎಳೆದು ನಾಲಿಗೆ ಅಡ್ಡ ಹಿಡಿಯಿರಿ. ಪಾಯಿಂಟ್ ಪ್ಲೇಟ್ ಸರಿದು ಅಲ್ಲೇ ನಿಂತರೆ ಡಬ್ಬಿ ಸರಿಯಿದೆ. ವಾಪಸ್ ಬಂದರೆ ಡಬ್ಬಿಯೊಳಗಿನ ತೆಳು ಪೊರೆ, ಡಯಾಫ್ರಂ, ಹರಿದಿದೆ, ಬದಲಾಯಿಸಿ.

ಪ್ರಶ್ನೆ: ಕಿಡಿಯ ಸಮಯ ನೋಡಲು ಟೈಮಿಂಗ್ ಲೈಟ್ ಹಿಡಿಯುವಾಗ ಪೈಪ್ ಇರಬೇಕಾ?

ಉತ್ತರ: ಕಳಚಿ, ಕಾರ್ಬೊರೇಟರ್ ಕಡೆಯ ಬಾಯಿ ಮುಚ್ಚಿ, ಆಮೇಲೆ ಹಿಡಿಯಿರಿ.